ಡ್ಯಾಂ ನಮ್ಮ ನೆಲದಲ್ಲಿದೆ, ಗೇಟು ಎತ್ತುವ ಅಧಿಕಾರ ಯಾರದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಂ ತುಂಬಿ ನಿಂತಿದ್ದ ಹೊತ್ತು ಅದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರು ಎರಡು ಬೆಳೆಗೆಂದು ಲೆಕ್ಕ ಹಾಕಿಕೊಂಡಿದ್ದ ನೀರು ಕಣ್ಣೆದುರೇ ಹಂಪಿಯ ಕಡೆ ಹರಿದುಹೋಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ್ದನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ.

ಆ ವಾರ ಹೋಟೆಲು, ಬಸ್‌ಸ್ಟ್ಯಾಂಡು, ಕಟ್ಟೆ ಎಲ್ಲ ಕಡೆ ಒಂದೇ ಪ್ರಶ್ನೆ: ತಪ್ಪು ಯಾರದು? ಆಡಳಿತ ಪಕ್ಷದವರು ಒಂದು ಹೇಳಿದರು, ವಿರೋಧ ಪಕ್ಷದವರು ಮತ್ತೊಂದು ಹೇಳಿದರು. ಆದರೆ ಆ ಗೇಟಿನ ನಿರ್ವಹಣೆ ನೇರವಾಗಿ ಕರ್ನಾಟಕ ಸರ್ಕಾರದ ಕೈಯಲ್ಲಿಲ್ಲ, ಆಂಧ್ರದ ಕೈಯಲ್ಲೂ ಇಲ್ಲ. ಅದು ತುಂಗಭದ್ರಾ ಮಂಡಳಿಯ ಕೆಲಸ. ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಕರ್ನಾಟಕ, ಆಂಧ್ರ, ತೆಲಂಗಾಣದ ಪ್ರತಿನಿಧಿಗಳು ಅದರಲ್ಲಿ ಕೂರುತ್ತಾರೆ. ಡ್ಯಾಂ ಹೊಸಪೇಟೆಯಲ್ಲಿದೆ, ಮುಳುಗಿದ ಊರುಗಳು ನಮ್ಮವು, ಆದರೂ ಗೇಟು ಎತ್ತಲು ಮೂರು ರಾಜ್ಯಗಳ ಲೆಕ್ಕ ಬೇಕು. ಇದು ಹೀಗೇಕೆ ಎಂದು ತಿಳಿಯಬೇಕಾದರೆ 1953ಕ್ಕೆ ಹೋಗಬೇಕು. ಆ ವರ್ಷ ನಮ್ಮ ಐದು ತಾಲೂಕುಗಳ ಹಣೆಬರಹವೂ ತೀರ್ಮಾನವಾಯಿತು. ಆಗ ಅವು ಐದಾಗಿರಲಿಲ್ಲ, ಆ ಮಾತು ಬೇರೆ. ಕೊಟ್ಟೂರು ಕೂಡ್ಲಿಗಿ ತಾಲೂಕಿನೊಳಗಿತ್ತು. ಹಗರಿಬೊಮ್ಮನಹಳ್ಳಿ ಭಾಗ ಮಲ್ಲಾಪುರ ಉಪತಾಲೂಕು ಎನಿಸಿಕೊಂಡಿತ್ತು.

ಮೊದಲು ನಾವೆಲ್ಲ ಮದ್ರಾಸಿನವರು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಹಾಗೆ. ಥಾಮಸ್ ಮನ್ರೋ ಮೊದಲ ಕಲೆಕ್ಟರ್. ಅಲ್ಲಿಂದ 150 ವರ್ಷ ಹರಪನಹಳ್ಳಿಯ ರೈತನ ಕಂದಾಯದ ಕಾಗದ ಕೊನೆಗೆ ಹೋಗಿ ಸೇರುತ್ತಿದ್ದದ್ದು ಮದ್ರಾಸಿಗೆ. ಬಳ್ಳಾರಿ ಜಿಲ್ಲೆಯ ಪೂರ್ವದಲ್ಲಿ ತೆಲುಗು ಹೆಚ್ಚು, ಪಶ್ಚಿಮದಲ್ಲಿ ಕನ್ನಡ ಹೆಚ್ಚು, ನಡುವೆ ಎರಡೂ ಮಾತಾಡುವ ಜನ. ಉರ್ದು ಮಾತಾಡುವವರು, ಲಂಬಾಣಿ ಮಾತಾಡುವವರು ಎಲ್ಲ ಕಡೆ. ಮದ್ರಾಸು ಒಂದೇ ಯಜಮಾನನಾಗಿದ್ದಾಗ ಇದು ದೊಡ್ಡ ಜಗಳವಾಗಿರಲಿಲ್ಲ. ಮನೆ ಪಾಲಾಗುವಾಗಲೇ ಅಲ್ಲವೇ ಪಾತ್ರೆ ಎಣಿಸುವುದು?

ಪಾಲಿನ ದಿನ ಬಂತು. ತೆಲುಗರ ಪ್ರತ್ಯೇಕ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಮದ್ರಾಸಿನಲ್ಲಿ ಉಪವಾಸ ಕೂತು 1952ರ ಡಿಸೆಂಬರ್ 15ರಂದು ತೀರಿಕೊಂಡರು. ನಾಲ್ಕೇ ದಿನಕ್ಕೆ ಪ್ರಧಾನಿ ನೆಹರೂ ಆಂಧ್ರ ರಾಜ್ಯ ಮಾಡುವುದಾಗಿ ಹೇಳಿದರು. ಹಾಗಾದರೆ ಬಳ್ಳಾರಿ ಯಾರಿಗೆ? ರಾಜಸ್ಥಾನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರನ್ನು ವರದಿ ಕೊಡಲು ಕೇಳಿದರು. ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಮಲ್ಲಾಪುರ, ಹೊಸಪೇಟೆ, ಸಂಡೂರು, ಸಿರುಗುಪ್ಪ ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲೂಕು ಮಾತ್ರ ಬಗೆಹರಿಯಲಿಲ್ಲ. ಊರಿನಲ್ಲಿ ಎರಡೂ ಭಾಷೆಯವರು, ಎರಡೂ ಕಡೆ ಮೆರವಣಿಗೆ, ಎರಡೂ ಕಡೆ ಲೆಕ್ಕಪತ್ರ.

ಆ ಒಂದು ತಾಲೂಕಿಗಾಗಿ ಇನ್ನೊಬ್ಬ ನ್ಯಾಯಮೂರ್ತಿ ಬಂದರು. ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ. ಅವರು ಕನ್ನಡದವರೂ ಅಲ್ಲ, ತೆಲುಗಿನವರೂ ಅಲ್ಲ. ನಮ್ಮ ಕಡೆ ಹೊಲದ ಬದುವಿನ ಜಗಳಕ್ಕೆ ಪಕ್ಕದೂರಿನ ಹಿರಿಯರನ್ನು ಕರೆಸುತ್ತೇವಲ್ಲ, ಅದೇ ರೀತಿ. ಎರಡೂ ಕಡೆಯವರ ಅಹವಾಲು ಕೇಳಿ, ಬಳ್ಳಾರಿ ತಾಲೂಕು ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟರು. ಸಂಸತ್ತು ಅದನ್ನು ಒಪ್ಪಿ 1953ರ ಆಂಧ್ರ ರಾಜ್ಯ ಕಾಯ್ದೆ ಮಾಡಿತು. 1953ರ ಅಕ್ಟೋಬರ್ 1ರಂದು ಮೂರು ತಾಲೂಕು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕರ್ನಾಟಕ ಏಕೀಕರಣಕ್ಕಿಂತ ಮೂರು ವರ್ಷ ಮೊದಲೇ ನಾವು ಮೈಸೂರಿನವರಾಗಿದ್ದೆವು. ನವೆಂಬರ್ ಒಂದರ ಭಾಷಣಗಳಲ್ಲಿ ಇದನ್ನು ಹೇಳುವವರು ಕಡಿಮೆ.

ಇದು ರಕ್ತವಿಲ್ಲದೆ ಆಗಲಿಲ್ಲ. ಆ ಸಂಭ್ರಮಕ್ಕೆ ಬಳ್ಳಾರಿಯಲ್ಲಿ ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದಾಳಿಯಲ್ಲಿ ಪ್ರಾಣ ಬಿಟ್ಟರು. ಏಕೀಕರಣದ ಹುತಾತ್ಮ ಎಂದು ಇಂದಿಗೂ ಅವರನ್ನು ನೆನೆಯುತ್ತಾರೆ. ಆದರೆ ಒಂದನ್ನು ಗಮನಿಸಿ. ಸೋತ ಪಕ್ಷವಾದ ಆಂಧ್ರ, ನೋವು ನುಂಗಿಕೊಂಡು ಆ ಕಾಯ್ದೆಯಂತೆಯೇ ರಾಜ್ಯಭಾರ ಶುರು ಮಾಡಿತು. ಬಳ್ಳಾರಿಯನ್ನು ಹಿಂದಕ್ಕೆ ಪಡೆಯಲು ಅರ್ಜಿ ಬರೆಯಿತು, ದಾಖಲೆ ಹೊತ್ತು ದೆಹಲಿಗೆ ಹೋಯಿತು. ಪೊಲೀಸರನ್ನು ಗಡಿಗೆ ಕಳಿಸಲಿಲ್ಲ.

ಅರ್ಜಿ ಸುಮ್ಮನೆ ಹೋಗಲಿಲ್ಲ ಎಂಬುದೇ ನಮ್ಮಲ್ಲಿ ಬಹಳ ಜನ ಮರೆತ ಸಂಗತಿ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನೂ ಡ್ಯಾಂ ಇರುವ ಮಲ್ಲಾಪುರ ಉಪತಾಲೂಕಿನ ಒಂದು ತುಂಡನ್ನೂ ಆಂಧ್ರಕ್ಕೆ ಕೊಡಿ ಎಂದು ಶಿಫಾರಸು ಮಾಡಿತು. ತುಂಗಭದ್ರೆಯ ನೀರು ರಾಯಲಸೀಮೆಗೆ ಜೀವ ಎಂಬುದು ಮುಖ್ಯ ಕಾರಣ. ಹಾಗಾಗಿದ್ದರೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕರ್ನಾಟಕದಲ್ಲಿ, ಡ್ಯಾಂ ಮತ್ತು ಹೊಸಪೇಟೆ ಆಂಧ್ರದಲ್ಲಿ! ಹೊಸಪೇಟೆ ಸಂತೆಗೆ ಹೋಗಲು ಕೂಡ್ಲಿಗಿಯವರು ರಾಜ್ಯ ದಾಟಬೇಕಿತ್ತು. ಬಳ್ಳಾರಿ ಸೀಮೆಯಲ್ಲಿ ಜನ ಬೀದಿಗಿಳಿದರು, ಮೈಸೂರು ಸರ್ಕಾರ ಮಿಶ್ರಾ ವರದಿಯನ್ನು ಮುಂದಿಟ್ಟು ವಾದಿಸಿತು. ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು. 1956ರ ನವೆಂಬರ್ 1ರಂದು ಜಿಲ್ಲೆ ಇದ್ದ ಹಾಗೇ ಉಳಿಯಿತು.

ಇಲ್ಲಿ ಒಂದು ವ್ಯತ್ಯಾಸ ಬಿಡಿಸಿ ಹೇಳಬೇಕು. ಆಯೋಗದ ವರದಿ ಎಂದರೆ ಸಲಹೆ. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ಆದ್ದರಿಂದ ಫಜಲ್ ಅಲಿ ವರದಿಯ ಆ ಭಾಗವನ್ನು ಬಿಟ್ಟದ್ದು ಕಾನೂನು ಮುರಿದಂತೆ ಅಲ್ಲ. ಮಹಾಜನ್ ವರದಿಯ ಬಗ್ಗೆ ಮಹಾರಾಷ್ಟ್ರದ ಜೊತೆ ಇವತ್ತಿಗೂ ನಡೆಯುತ್ತಿರುವ ಜಗಳದ ಮೂಲದಲ್ಲೂ ಇದೇ ಇದೆ. ನಾವು ವರದಿಯೇ ಅಂತಿಮ ಎನ್ನುತ್ತೇವೆ. ಅವರು 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬೆಳಗಾವಿಯಲ್ಲಿ ವರದಿ ಅಂತಿಮ, ಬಳ್ಳಾರಿಯಲ್ಲಿ ಅಂತಿಮ ಅಲ್ಲ ಎನ್ನುವಾಗ ನಮ್ಮ ದನಿ ಸ್ವಲ್ಪ ತಗ್ಗಬೇಕಾಗುತ್ತದೆ, ಒಪ್ಪಿಕೊಳ್ಳೋಣ.

ಗಡಿ ಬಗೆಹರಿದ ಮೇಲೆ ನೀರಿನ ಮಾತು. 1945ರ ಫೆಬ್ರವರಿಯಲ್ಲಿ ಡ್ಯಾಂಗೆ ಅಡಿಗಲ್ಲು ಹಾಕಿದಾಗ ಪಾಲುದಾರರು ಇಬ್ಬರು: ಈ ದಡದ ಮದ್ರಾಸು, ಆ ದಡದ ಹೈದರಾಬಾದು. 1953ರಲ್ಲಿ ಮದ್ರಾಸಿನ ಪಾಲು ಮೈಸೂರು ಮತ್ತು ಆಂಧ್ರದ ನಡುವೆ ಹಂಚಿಹೋಯಿತು. ಡ್ಯಾಂ ಒಂದು ರಾಜ್ಯದಲ್ಲಿ, ಕಾಲುವೆಯ ಕೊನೆ ಇನ್ನೊಂದು ರಾಜ್ಯದಲ್ಲಿ. ಬಲದಂಡೆ ಮೇಲ್ಮಟ್ಟದ ಕಾಲುವೆ ಬಳ್ಳಾರಿ ದಾಟಿ ಅನಂತಪುರಕ್ಕೆ ಹೋಗುತ್ತದೆ, ಕೆಳಮಟ್ಟದ ಕಾಲುವೆ ಕರ್ನೂಲಿಗೆ ಹೋಗುತ್ತದೆ. ಗೇಟಿನ ಕೀಲಿ ಮೈಸೂರಿನ ಕೈಗೆ ಕೊಟ್ಟರೆ ಅನಂತಪುರದವರು ನಂಬುವುದಿಲ್ಲ, ಆಂಧ್ರಕ್ಕೆ ಕೊಟ್ಟರೆ ನಾವು ನಂಬುವುದಿಲ್ಲ. ಅದಕ್ಕೇ ಆಂಧ್ರ ರಾಜ್ಯ ಕಾಯ್ದೆಯ ಅಡಿಯಲ್ಲೇ ತುಂಗಭದ್ರಾ ಮಂಡಳಿ ಹುಟ್ಟಿತು. ಅಪನಂಬಿಕೆಯಿಂದ ಹುಟ್ಟಿದ ಸಂಸ್ಥೆ ಅದು. 70 ವರ್ಷ ದಾಟಿದರೂ ಮುರಿದುಬಿದ್ದಿಲ್ಲ. ಗೇಟಿನ ಚೈನಿಗೆ ಎಣ್ಣೆ ಹಾಕಿದ್ದರೋ ಇಲ್ಲವೋ ಎಂಬ ಪ್ರಶ್ನೆ ಬೇರೆಯೇ, ಅದನ್ನು ಕೇಳಲೇಬೇಕು.

ಯಾರಿಗೆ ಎಷ್ಟು ನೀರು ಎಂಬುದನ್ನು ತೀರ್ಮಾನಿಸಿದ್ದು 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ. ಅದರ ಅಂತಿಮ ತೀರ್ಪು 1976ರಲ್ಲಿ ಬಂತು. ಅದರಂತೆ ತುಂಗಭದ್ರಾ ಜಲಾಶಯದಿಂದ ಬಳಸಬಹುದಾದ 212 ಟಿಎಂಸಿಯಲ್ಲಿ ಸುಮಾರು 139 ನಮಗೆ, 73 ಆಗಿನ ಆಂಧ್ರಕ್ಕೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಪ್ರತಿ ಮಳೆಗಾಲ ಐಸಿಸಿ ಸಭೆ ನಡೆಯುತ್ತದೆ, ರಾಜ್ಯಗಳು ಇಂಡೆಂಟ್ ಹಾಕುತ್ತವೆ, ಕಾಲುವೆಗೆ ನೀರು ಬಿಡುವ ದಿನಾಂಕ ಪೇಪರಿನಲ್ಲಿ ಬರುತ್ತದೆ. ನಮಗೆ ಇದು ಹವಾಮಾನ ವರದಿಯಷ್ಟೇ ಸಾಮಾನ್ಯ ಸುದ್ದಿ. ಒಳಗಿರುವುದು ಮಾತ್ರ ಮೂರು ಸರ್ಕಾರಗಳು ತಮಗೆ ಪೂರ್ತಿ ಇಷ್ಟವಿಲ್ಲದ ಒಂದು ತೀರ್ಪಿಗೆ ವರ್ಷ ವರ್ಷ ತಲೆಬಾಗುವ ಕೆಲಸ.

ನಮ್ಮ ಐದು ತಾಲೂಕಿಗೆ ಇದರಲ್ಲಿ ಸಿಕ್ಕಿದ್ದೆಷ್ಟು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಡ್ಯಾಂ ಕಾಲುವೆಗಳು ನಮಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತವೆ. ಕೂಡ್ಲಿಗಿ, ಕೊಟ್ಟೂರಿನ ಶೇಂಗಾ, ಮೆಕ್ಕೆಜೋಳ ಮುಗಿಲು ನೋಡಿಯೇ ಬೆಳೆಯಬೇಕು. ಹಡಗಲಿಗೆ ಸಿಂಗಟಾಲೂರು ಏತ ನೀರಾವರಿ, ಕೂಡ್ಲಿಗಿ ಮತ್ತು ಹರಪನಹಳ್ಳಿಯ ಕೆರೆ ತುಂಬಿಸುವ ಯೋಜನೆಗಳು ಬಂದದ್ದು ಬಹಳ ತಡವಾಗಿ. ಆದರೆ ಆ ಯೋಜನೆಗಳೂ ನಿಂತಿರುವುದು ನ್ಯಾಯಮಂಡಳಿ ಕೊಟ್ಟ ಪಾಲಿನ ಮೇಲೆ. ಆಂಧ್ರದ ಜೊತೆ ಹಂಚಿಕೆ ಮುಗಿದ ವಿಷಯ. ರಾಜ್ಯದ ಪಾಲು ಗಂಗಾವತಿಯ ಗದ್ದೆಗೆ ಎಷ್ಟು, ಕೂಡ್ಲಿಗಿಯ ಕೆರೆಗೆ ಎಷ್ಟು ಎಂಬುದು ಬೆಂಗಳೂರಿನಲ್ಲಿ ಕೇಳಬೇಕಾದ ಲೆಕ್ಕ. ಒಂದು ಜಗಳ ಇನ್ನೊಂದನ್ನು ಮುಚ್ಚಿಡಲು ಬಳಕೆಯಾಗುವುದುಂಟು.

ಈಗ ಕಾವೇರಿಗೆ ಬರೋಣ. ನಮ್ಮಿಂದ ದೂರದ ನದಿ, ಆದರೆ ತೀರ್ಪು ನಮಗೆ ವಿರುದ್ಧ ಬಂದಾಗ ನಾವು ಏನು ಮಾಡಿದೆವು ಎಂಬುದು ಅಲ್ಲಿದೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಸಿಗುವಂತೆ ಮಧ್ಯಂತರ ಆದೇಶ ಕೊಟ್ಟಿತು. ಒಂದೇ ತಿಂಗಳಲ್ಲಿ ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದು, ಆ ಆದೇಶ ನಮ್ಮ ಮೇಲೆ ನಡೆಯದು ಎಂದಿತು. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಕೋರ್ಟು ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಅದು ಕೊಟ್ಟ ಕಾರಣವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಿ ಕೂರಲು ಯಾವ ರಾಜ್ಯಕ್ಕೂ ಬರುವುದಿಲ್ಲ. ಡಿಸೆಂಬರಿನಲ್ಲಿ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಗಲಭೆಯಾಗಿ ತಮಿಳರ ಮನೆ, ಅಂಗಡಿಗಳು ಉರಿದವು. ಆ ಕೂಲಿಕಾರರಿಗೂ ಮೆಟ್ಟೂರು ಡ್ಯಾಮಿಗೂ ಏನು ಸಂಬಂಧ?

2016ರಲ್ಲಿ ಮತ್ತೆ ಅದೇ ದಾರಿ ಹಿಡಿದೆವು. ಕುಡಿಯುವ ನೀರಿಗೆ ಬಿಟ್ಟು ಬೇರೆಯದಕ್ಕೆ ನೀರಿಲ್ಲ ಎಂದು ಸೆಪ್ಟೆಂಬರ್ 23ರಂದು ವಿಧಾನಮಂಡಲ ನಿರ್ಣಯ ಮಾಡಿತು, ಕೋರ್ಟು ಬಿಗಿಯಾಯಿತು, ಕೊನೆಗೆ ನೀರು ಹೋಯಿತು. ಅದೇ ಕೋರ್ಟು 2018ರ ಫೆಬ್ರವರಿ 16ರ ಅಂತಿಮ ತೀರ್ಪಿನಲ್ಲಿ ನಮಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಅದರಲ್ಲಿ ಬೆಂಗಳೂರಿನ ಬಾಯಾರಿಕೆಯ ಪಾಲೂ ಇತ್ತು. ಹೆಚ್ಚಿಗೆ ಸಿಕ್ಕಿದ್ದು ವಕೀಲರ ಕಾಗದದಿಂದ. ಬಸ್ಸಿಗೆ ಬೆಂಕಿ ಹಚ್ಚಿದ್ದರಿಂದ ಒಂದು ಬಿಂದಿಗೆಯೂ ಬರಲಿಲ್ಲ.

ಕರ್ನಾಟಕದ ಕಷ್ಟವೇ ಬೇರೆ. ಕಾವೇರಿಯಲ್ಲಿ, ತುಂಗಭದ್ರೆಯಲ್ಲಿ ನಾವು ಮೇಲಿನ ಹೊಲದವರು. ಕೃಷ್ಣೆಯಲ್ಲಿ ಮಹಾರಾಷ್ಟ್ರ ಮೇಲಿನ ಹೊಲದ್ದು, ನಾವು ಕೆಳಗಿನವರು. ಮೇಲಿನವನು ಮಾಡಿದ್ದೇ ಸರಿ ಎನ್ನುವುದಾದರೆ ಕೊಯ್ನಾದ ಗೇಟು ಮುಚ್ಚಿದ ದಿನ ವಿಜಯಪುರದವರು ಎಲ್ಲಿಗೆ ಹೋಗಬೇಕು?

ಮಾತು ಕೇಳದ ರಾಜ್ಯವನ್ನು ಕೇಳಿಸುವುದು ಹೇಗೆ ಎಂಬ ಪ್ರಶ್ನೆ ನಮ್ಮೊಬ್ಬರದಲ್ಲ. ಯುರೋಪಿನಲ್ಲಿ 27 ದೇಶಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿವೆ. ಪ್ರತಿಯೊಂದೂ ಸ್ವತಂತ್ರ ದೇಶ, ಆದರೆ ಎಲ್ಲರ ಮೇಲೆ ಲಕ್ಸೆಂಬರ್ಗ್ ಎಂಬಲ್ಲಿ ಒಂದು ನ್ಯಾಯಾಲಯ. ಪೋಲೆಂಡಿನ ಗಡಿಯಲ್ಲಿ ತುರೂವ್ ಎಂಬ ದೊಡ್ಡ ಕಲ್ಲಿದ್ದಲು ಗಣಿ ಇದೆ. ಗಡಿಯಾಚೆ ಇರುವ ಜೆಕ್ ದೇಶದ ಹಳ್ಳಿಗರು, ಈ ಗಣಿಯಿಂದ ನಮ್ಮ ಬಾವಿಗಳು ಬತ್ತುತ್ತಿವೆ ಎಂದರು. 2021ರಲ್ಲಿ ಜೆಕ್ ಸರ್ಕಾರ ಕೇಸು ಹಾಕಿತು. ಗಣಿಗಾರಿಕೆ ನಿಲ್ಲಿಸಿ ಎಂದು ಮೇ ತಿಂಗಳಲ್ಲಿ ಕೋರ್ಟು ಹೇಳಿತು, ಪೋಲೆಂಡ್ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ದಿನಕ್ಕೆ 5 ಲಕ್ಷ ಯೂರೋ ದಂಡ ಬಿತ್ತು, ನಮ್ಮ ಲೆಕ್ಕದಲ್ಲಿ ದಿನಕ್ಕೆ 4 ಕೋಟಿ ರೂಪಾಯಿಗೂ ಮೇಲೆ. ದಂಡ ಕಟ್ಟುವುದಿಲ್ಲ ಎಂದು ಪೋಲೆಂಡ್ ಹಟ ಹಿಡಿಯಿತು. ಒಕ್ಕೂಟದ ಬಳಿ ಸೈನ್ಯವಿಲ್ಲ, ಪೊಲೀಸರನ್ನು ಕಳಿಸುವಂತಿಲ್ಲ. ಅವರು ಪೋಲೆಂಡಿಗೆ ಕೊಡಬೇಕಾದ ಅನುದಾನದಲ್ಲೇ ದಂಡವನ್ನು ಮುರಿದುಕೊಂಡರು. 2022ರ ಫೆಬ್ರವರಿಯಲ್ಲಿ ಎರಡೂ ದೇಶಗಳು ರಾಜಿಯಾಗಿ, ಜೆಕ್ ಕಡೆಗೆ 4.5 ಕೋಟಿ ಯೂರೋ ಪರಿಹಾರ ಸಂದಿತು. ಗಣಿ ನಿಲ್ಲಲಿಲ್ಲ, ಅದೂ ನಿಜ.

ಗಣಿ, ಗಡಿ ಎಂದ ಕೂಡಲೇ ನಿಮಗೆ ಏನು ನೆನಪಾಗಿರುತ್ತದೆಂದು ಗೊತ್ತು. 1953ರಲ್ಲಿ ರಾಯದುರ್ಗ ತಾಲೂಕು ಆಂಧ್ರಕ್ಕೆ, ಬಳ್ಳಾರಿ ಮತ್ತು ಸಂಡೂರು ಮೈಸೂರಿಗೆ ಎಂದು ಎಳೆದ ಗೆರೆ ಅದಿರಿನ ಗುಡ್ಡಗಳ ಮೇಲೇ ಹಾದುಹೋಗಿದೆ. ಓಬಳಾಪುರಂ ಆ ಕಡೆ, ತುಮಟಿ ಈ ಕಡೆ. ಅದಿರಿಗೆ ಚೀನಾದ ಬೆಲೆ ಬಂದಾಗ ಗಡಿಕಲ್ಲುಗಳು ಕಾಣೆಯಾದವು. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಸ್ಫೋಟಕ್ಕೆ ಸಿಕ್ಕಿ ನೆಲಸಮವಾಯಿತು. ಇಬ್ಬರು ನ್ಯಾಯಮೂರ್ತಿಗಳ ವರದಿ, ಸಂಸತ್ತಿನ ಕಾಯ್ದೆ, ಒಬ್ಬ ಬಡವನ ಪ್ರಾಣ ಇಷ್ಟು ಕೊಟ್ಟು ಪಡೆದ ಗೆರೆಯನ್ನು ಜೆಸಿಬಿ ಒರೆಸಿಹಾಕಿತು. ಭಾಷೆಯ ಹೆಸರಿನಲ್ಲಿ ಗಡಿಗಾಗಿ ಕೂಗಿದವರಲ್ಲಿ ಹೆಚ್ಚಿನವರು ಆಗ ಸುಮ್ಮನಿದ್ದರು. ಗಡಿ ದಾಟುತ್ತಿದ್ದದ್ದು ಲಾರಿ, ಬೇರೆ ಭಾಷೆಯವರಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಳಿಸಿಹೋದ ಗಡಿಯನ್ನು ಮತ್ತೆ ಅಳೆಯುವ ಕೆಲಸ ಸರ್ವೆ ಆಫ್ ಇಂಡಿಯಾ ಪಾಲಿಗೆ ಬಂತು.

ಗೆರೆ ಎಂಬುದು ನಕ್ಷೆಯಲ್ಲಿ ಮಾತ್ರ ಇರುವ ವಸ್ತುವಲ್ಲ ಎಂಬುದು ಹರಪನಹಳ್ಳಿಯವರಿಗೆ ಚೆನ್ನಾಗಿ ಗೊತ್ತು. 1997ರಲ್ಲಿ ತಾಲೂಕನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಿದರು. 2013ರಲ್ಲಿ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದು ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ ಓದು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. (ಬಳ್ಳಾರಿ ಸ್ವಾತಂತ್ರ್ಯದ ಹೊತ್ತಿಗೆ ನಿಜಾಮನ ಹೈದರಾಬಾದಿನಲ್ಲಿ ಇರಲೇ ಇಲ್ಲ, ಆದರೂ ಹಿಂದುಳಿದಿದ್ದರಿಂದ ಸೇರಿತು.) ಕೂಡ್ಲಿಗಿಯ ಹುಡುಗಿಗೆ ಸೀಟು, ಪಕ್ಕದ ಹರಪನಹಳ್ಳಿಯ ಹುಡುಗಿಗೆ ಇಲ್ಲ. ಮಳೆಯೂ ಒಂದೇ, ಮಣ್ಣೂ ಒಂದೇ. ಹೋರಾಟ ಮಾಡಿ 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದರು. 2021ರಲ್ಲಿ ಐದೂ ತಾಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು.

ಇನ್ನು ಉಳಿದಿರುವ ಕೆಲಸ. ಕೃಷ್ಣಾ ಎರಡನೇ ನ್ಯಾಯಮಂಡಳಿ, ಅಂದರೆ ಬ್ರಿಜೇಶ್ ಕುಮಾರ್ ಮಂಡಳಿ, 2010ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿತು, 2013ರಲ್ಲಿ ಸ್ಪಷ್ಟೀಕರಣವನ್ನೂ ಕೊಟ್ಟಿತು. ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಗುವ ತನಕ ನ್ಯಾಯಮಂಡಳಿಯ ತೀರ್ಪಿಗೆ ಬಲವಿಲ್ಲ, ಪ್ರಕಟಣೆ ಸುಪ್ರೀಂ ಕೋರ್ಟಿನ ತಡೆಯಲ್ಲಿ ಸಿಕ್ಕಿಕೊಂಡಿತು. ಕೊಟ್ಟ ತೀರ್ಪು ಹತ್ತು ವರ್ಷಕ್ಕೂ ಮೇಲೆ ಬೀರುವಿನಲ್ಲಿ ಕೂರುವುದೂ ಕಾನೂನಿನ ಹೆಸರಿನಲ್ಲೇ ಆಗುವ ಅನ್ಯಾಯ. ಕೋರ್ಟಿಗೆ ಗೌರವ ಕೊಡಿ ಎಂದು ರೈತನಿಗೆ ಹೇಳುವವರು ಈ ವಿಳಂಬಕ್ಕೂ ಉತ್ತರ ಹೇಳಬೇಕು.

ತುಂಗಭದ್ರೆಯ ಕಥೆಯೂ ಹಾಗೇ ಇದೆ. ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹೋದದ್ದನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪ ಕರ್ನಾಟಕದ್ದು. ನೆಲ ನಮ್ಮದೇ ಆದರೂ ನೀರು ಮೂವರದು, ಆದ್ದರಿಂದ ಆಂಧ್ರ ಮತ್ತು ತೆಲಂಗಾಣದ ಒಪ್ಪಿಗೆ ಬೇಕು. 19ನೇ ಗೇಟು ಹೋದ ಮೇಲೆ ತಜ್ಞರು 33 ಗೇಟುಗಳನ್ನೂ ಬದಲಿಸಿ ಎಂದರು. ಹಳೆಯ ಗೇಟುಗಳ ಭಯದಿಂದ 2025ರ ಮಳೆಗಾಲದಲ್ಲಿ ಡ್ಯಾಮಿನಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸಲು ಮಂಡಳಿ ತೀರ್ಮಾನಿಸಿತು. ಮೂರೂ ರಾಜ್ಯಗಳ ಎರಡನೇ ಬೆಳೆಗೆ ಒಟ್ಟಿಗೇ ಪೆಟ್ಟು ಬಿತ್ತು. ಮುಂದಿನ ಐಸಿಸಿ ಸಭೆಯ ಸುದ್ದಿ ಬಂದಾಗ ನೀರು ಬಿಡುವ ದಿನಾಂಕದ ಜೊತೆಗೆ, ಗೇಟಿನ ಕೆಲಸ ಎಲ್ಲಿಗೆ ಬಂತು ಎಂಬ ಸಾಲನ್ನೂ ಹುಡುಕಿ ಓದಿ.